ಸೊಂಟ ನಾಲ್ಕೂವರೆ ಇಂಚು

ಬೊಳ್ಳಮ್ಮ ಟ್ರಂಕನ್ನು ಮೇಜಿನ ಮೇಲಿಟ್ಟು
"ಮೊಯ್ದು, ಇವಳಿಗೊಂದು ಸೀರೆ, ರವಿಕೆ" ಅಂದರು.
ಇವಳು ಅಂದರೆ ಗೊಂಬೆ.
ಪಿಂಗಾಣಿ ಮುಖ, ಗಾಜಿನ ಕಣ್ಣು,
ಕೆನ್ನೆಯಲ್ಲಿ ಕೂದಲೆಳೆಯಷ್ಟು ಬಿರುಕು.
ನಲವತ್ತು ವರ್ಷ ವಿರಾಜಪೇಟೆಯ ಹೆಂಗಸರಿಗೆ ಹೊಲಿದಿದ್ದೇನೆ,
ಇಷ್ಟು ಅಲುಗಾಡದೆ ಅಳತೆ ಕೊಟ್ಟವರಿಲ್ಲ.

ಎದೆ ಐದು. ಸೊಂಟ ನಾಲ್ಕೂವರೆ.
ಬಲಗೈ ಮೊಣಕೈಯಿಂದಾಚೆ ಇಲ್ಲ.
"ತೋಳು ಉದ್ದ ಬಿಡು" ಅಂದರು, ಬೇರೆಲ್ಲೋ ನೋಡುತ್ತಾ.

ಟ್ರಂಕಿನಲ್ಲಿ ಅವಳದೇ ಒಂದು ಜವಳಿ ಅಂಗಡಿ:
ತಿಮಿಂಗಿಲದ ಎಲುಬು ಹಾಕಿದ ಬಿಗಿಯಂಗಿ,
ನನ್ನ ಕಿರುಬೆರಳಿಗೂ ಹೋಗದ ಕೈಗವುಸು,
ಹುಳ ತಿಂದು ಒಂದೇ ಗರಿ ಉಳಿಸಿದ ಟೋಪಿ,
ಎಂಟು ಗುಂಡಿಯ ಬೂಟು (ಎಂಟೂ ಇದ್ದವು!)
ನಾಟಕ ನೋಡಲು ಮುತ್ತಿನ ಚಿಪ್ಪಿನ ದುರ್ಬೀನು.
ಪೊಲ್ಲಿಬೆಟ್ಟದ ಬಂಗಲೆಯಲ್ಲಿ ಯಾವ ನಾಟಕವಿತ್ತೋ.
"ಅವ್ವನ ಅವ್ವ ಅಲ್ಲಿ ಆಯಾ. ಹಡಗು ಹತ್ತುವಾಗ
ದೊರೆಸಾನಿ ಇದನ್ನು ಬಿಟ್ಟು ಹೋದಳಂತೆ."

ರಾತ್ರಿ ಕದ ಹಾಕಿ ಒಂದೊಂದನ್ನೇ ತಿರುವಿದೆ.
ಒಳಹೊಲಿಗೆ ನೋಡುವುದು ನಮ್ಮ ಜಾತಿಯ ಚಾಳಿ.
ಗೌನುಗಳ ಕೊರಳಲ್ಲಿ ಕೆಂಪು ದಾರದ ಅಂಕಿ:
ನಾಲ್ಕು. ಐದು. ಆರು.
ಏಳು ಹುಡುಕಿದೆ. ತಳದವರೆಗೂ ಹುಡುಕಿದೆ.

ತಳದಲ್ಲಿ ಕರಿಯದೊಂದು. ಪ್ಯಾರಿಸ್ಸಿನದಲ್ಲ,
ಕೊಡೆಯ ಬಟ್ಟೆ, ಕಡ್ಡಿ ಕಟ್ಟಿದ ತೂತು ಅಂಚಿನಲ್ಲಿ ಹಾಗೇ ಇದೆ.
ಸೂಜಿ ಹಿಡಿದು ರೂಢಿಯಿಲ್ಲದ ಕೈ,
ಕೊರಳ ಹತ್ತಿರ ದಾರ ದಿಕ್ಕು ತಪ್ಪಿದೆ.
ಅದರ ಮಡಿಕೆಯೊಳಗೆ ಬಿಳಿಯದು:
ಅಂಚಿಲ್ಲ, ಜರಿಯಿಲ್ಲ, ನಿರಿಗೆ ಹಿಂದಕ್ಕೆ,
ಇರುವೆ ಸಾಲಿನ ಹಾಗೆ ಹೊಲಿಗೆ.
ಅರ್ಧಕ್ಕೆ ನಿಂತಿದೆ. ಸೂಜಿ ಅಲ್ಲೇ,
ತುಕ್ಕು ಹಿಡಿದು ಬಟ್ಟೆಗೆ ಕಂದು ಚುಕ್ಕೆ ಬಿಟ್ಟಿದೆ.
ಎಳೆದರೆ ಬರುತ್ತಿತ್ತು.

ಎಳೆಯಲಿಲ್ಲ.

ಬೊಳ್ಳಮ್ಮನ ಮದುವೆ ಸೀರೆಯ ಹರಿದ ತುದಿ, ಕೆಂಪು;
ನಿರಿಗೆ ಹಿಂದೆ ಸಿಕ್ಕಿಸಿ ಸೆರಗು ಬಲ ಹೆಗಲಿಗೆ ತಂದೆ.
ಒಂಟಿಯಾಗಿ ಉಳಿದ ಓಲೆಯನ್ನು ಬಗ್ಗಿಸಿ
ಕೊಕ್ಕೆತಾತಿ ಅವರೇ ಮಾಡಿ ತಂದಿದ್ದರು.
"ನಿರಿಗೆ ಹಿಂದಿದೆ, ಕೂರಿಸಿದರೆ ಕೆಡುತ್ತದೆ" ಅಂದೆ.
"ನೂರು ವರ್ಷ ಮಲಗಿದ್ದಾಳೆ, ಸ್ವಲ್ಪ ನಿಲ್ಲಲಿ."

"ಆ ಕರಿಯದು, ಬಿಳಿಯದು... ಒಗೆದು ಕೊಡಲೇ?"
ಅವರು ಟ್ರಂಕಿನ ಚಿಲಕ ಹಾಕಿದರು.
ಹಾಕಿದ ಚಿಲಕವನ್ನು ಮತ್ತೊಮ್ಮೆ ಒತ್ತಿ ನೋಡಿದರು.

ಕೂಲಿ ನೂರೈವತ್ತು ಹೇಳಿದೆ.
"ಇಷ್ಟು ಚಿಕ್ಕ ರವಿಕೆಗೆ?" ಎಂದು ಜಗಳ ತೆಗೆದು
ನೂರಿಪ್ಪತ್ತು ಎಣಿಸಿಟ್ಟು ಹೋದರು.