ಖಾಲಿ ಮೊಳೆ

ಗದಗಿನ ಪ್ರೆಸ್ಸುಗಳ ಓಣಿಯಲ್ಲಿ
ಅಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದ.
ಹೆಸರು ಆಶೀರ್ವಾದಪ್ಪ, ಕರೆಯುವುದು ಆಶಪ್ಪ.
ಉಗುರ ಸಂದಿಯಲ್ಲಿ ಮಸಿ,
ಭಾನುವಾರದ ಬಿಳಿ ಅಂಗಿಗೂ
ಸೀಮೆಎಣ್ಣೆಯ ವಾಸನೆ.

ಕನ್ನಡವನ್ನು ಬೆನ್ನ ಕಡೆಯಿಂದ ಓದುತ್ತಿದ್ದ.
ನನಗದು ಇರುವೆಗಳ ಮೆರವಣಿಗೆ,
ಅವನಿಗೆ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ,
ಹತ್ತಿ ಅಡತಿಯ ರಸೀದಿ.

ಪ್ರತಿ ಪ್ಯಾರಾಕ್ಕೂ ಮೊದಲು
ಅಕ್ಷರವಿಲ್ಲದೊಂದು ಮೊಳೆ ಇಡುತ್ತಿದ್ದ.
"ಇದರಾಗ ಏನೂ ಇಲ್ಲಲ್ಲಪ್ಪ?"
"ಇದು ಮಸಿ ಹಿಡಿಯಂಗಿಲ್ಲ ಮಗಳ,
ಕಾಗದದ ಮ್ಯಾಲೆ ಕಾಣಂಗಿಲ್ಲ.
ತಗದು ನೋಡು, ಸಾಲಿಗೆ ಸಾಲೇ ಅಲಗಾಡ್ತದ.
ದಿನಾ ರಾತ್ರಿ ಮೊಣಕಾಲೂರಿ
ಬರಲಿ ಬರಲಿ ಅಂತ ಕರೀತೀವಲ್ಲ ಆ ರಾಜ್ಯ,
ಖರೇನ ಬಂದ್ರ ಕುಂದ್ರಾಕ ಜಾಗ ಬ್ಯಾಡೇನು?
ಮೊದಲಿಂದು ಅದಕ್ಕ."

ಆ ವರ್ಷ ಇಲೆಕ್ಷನ್ನು.
ನನ್ನ ನರ್ಸಿಂಗ್ ಫೀಜಿಗೆ ಶುಕ್ರವಾರ ಕಡೆಯ ದಿನ.
ಬುಧವಾರ ರಾತ್ರಿ ಬಂದ ಕೆಲಸ:
ಎರಡು ಸಾವಿರ ಕರಪತ್ರ, ಬೆಳಗಾಗುವುದರೊಳಗೆ,
ಕೂಲಿ ಮೂರು ಪಟ್ಟು.
ವಾರ್ಡಿಗೆ ನಿಂತಿದ್ದವಳು ಕೊತ್ತಂಬರಿ ಮಾರುವ ಹುಲಿಗೆವ್ವ.
ಅವಳ ಸೀರೆ, ಅವಳ ಹಾಸಿಗೆ,
ಅವಳ ಮಕ್ಕಳಿಗೆ ಯಾರು ಅಪ್ಪ,
ಹದಿನೆಂಟು ಸಾಲು ಸುಳ್ಳು.

ನಾಲ್ಕನೇ ಸಾಲಿಗೆ ಬೆರಳು ನಿಂತಿತಂತೆ.
"ಓದೋದು ನಿನ್ನ ಕೆಲಸಲ್ಲೋ ಆಶಪ್ಪ, ಜೋಡಿಸೋದಷ್ಟ"
ಅಂದರು ಮಾಲಕರು.
ಅಪ್ಪ ಜಗಳಾಡಲಿಲ್ಲ.
ಜೋಡಿಸಿದ್ದನ್ನು ಬಿಚ್ಚಿದ.
ಸ-ವನ್ನು ಸ-ದ ಖಾನೆಗೆ, ಹ-ವನ್ನು ಹ-ದ ಖಾನೆಗೆ,
ದನ ಕೊಟ್ಟಿಗೆಗೆ ಹೊಡೆದ ಹಾಗೆ ಒಂದೊಂದನ್ನೇ.
ಅಕ್ಷರದ್ದೇನು ತಪ್ಪು?
ನಾಳೆ ಯಾರದೋ ತೊಟ್ಟಿಲ ಕಾರ್ಡಿಗೆ ಅವೇ ಬೇಕು.
ಕೈ ತೊಳೆದುಕೊಂಡು ಮನೆಗೆ ಬಂದ.

ಕರಪತ್ರವೇನೋ ಹೊರಬಿತ್ತು,
ಬೇರೆ ಪ್ರೆಸ್ಸಿನವರು ಹಾಕಿಕೊಟ್ಟರು.
ಹುಲಿಗೆವ್ವ ಸೋತಳು.
ಅಪ್ಪನ ಹೆಸರು ಅವಳಿಗೆ ಗೊತ್ತಾಗಲೇ ಇಲ್ಲ.

ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು:
"ಮೊದಲ ಅದಕ್ಕ ಜಾಗ ಬಿಟ್ಟಿ.
ಉಳಿದದ್ದು ತಾನಾಗೇ ಬರತದಂತಲ್ಲ,
ಲೆಕ್ಕ ತೋರ್ಸು."
ಅಪ್ಪ ತಾಟು ನೋಡಿದ.

ಅವನ ಬದಲು ನಾನು ಬರೆಯುವೆ ಲೆಕ್ಕ:
ಮಷಿನ್ನಿನ ಮಾಬುಸಾಬ
ಕತ್ತಲಲ್ಲಿ ಹೆಗಲ ಮೇಲೆ ತಂದ ಅರ್ಧ ಚೀಲ ಜೋಳ.
ಐದು ತಿಂಗಳು ಸಂತೆಯಲ್ಲಿ ಕುಂತು
ಅಪ್ಪ ಹೊಲಿದ ಹರಕು ಛತ್ರಿಗಳು.
ಒಂದು ವರ್ಷ ತಡವಾದ ನನ್ನ ನರ್ಸಿಂಗು.
ಆ ವರ್ಷವಿಡೀ ನಾನು ಅವನೊಂದಿಗೆ ಆಡದೆ ಬಿಟ್ಟ ಮಾತು.
ಕೂಡಬೇಕೋ ಕಳೆಯಬೇಕೋ,
ಇವತ್ತಿಗೂ ಮೊತ್ತ ಹಾಕಲು ಬರುವುದಿಲ್ಲ ನನಗೆ.

ಆಮೇಲೆ ಪ್ರೆಸ್ಸುಗಳಿಗೆ ಕಂಪ್ಯೂಟರ್ ಬಂತು,
ಸೀಸವೆಲ್ಲ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಯಿತು.
ಅಪ್ಪನನ್ನು ಮಣ್ಣು ಮಾಡಿ ಬಂದು ಅಂಗಿ ಕೊಡವಿದಾಗ
ಕಿಸೆಯಿಂದ ಬಿದ್ದದ್ದು ಒಂದೇ ಮೊಳೆ.
ಅದೂ ಖಾಲಿ.

ನಿನ್ನೆ ಬೆಟಗೇರಿಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ.
ಎರಡೂವರೆಗೆ ನೆನಪಾಯಿತು:
ಹನ್ನೊಂದನೇ ಮಂಚದ ಅಜ್ಜಿಗೆ
ಹತ್ತಕ್ಕೆ ಕೊಡಬೇಕಿದ್ದ ಇಂಜೆಕ್ಷನ್
ಟ್ರೇಯಲ್ಲೇ ಇದೆ.
ರಿಜಿಸ್ಟರಿನಲ್ಲಿ ಒಂದು ಟಿಕ್ಕು, ಒಂದು ಸಹಿ,
ಕೇಳುವವರು ಯಾರು?
ಹೆಡ್ ನರ್ಸ್ ಹುದ್ದೆಗೆ
ನನ್ನ ಹೆಸರು ಹೋಗುವುದು ಈ ವಾರವೇ.

ಕೋಟಿನ ಕಿಸೆಯಲ್ಲಿ ಮೊಳೆಯನ್ನು ಬಿಗಿಯಾಗಿ ಹಿಡಿದೆ.
ಅಂಗೈಯಲ್ಲಿ ಅಕ್ಷರವೇನೂ ಮೂಡಲಿಲ್ಲ.
ನಾಲ್ಕು ಮೂಲೆಯ ಸಣ್ಣದೊಂದು ತಗ್ಗು, ಅಷ್ಟೇ.
ಅದು ಮಾಯುವುದರೊಳಗೆ
ಸಾಲಿನ ಶುರುವಿಗೆ ಒಂದು ಬೆರಳು ಜಾಗ ಬಿಟ್ಟು
ಬರೆದೆ: ಕೊಟ್ಟಿಲ್ಲ. ಮರೆತೆ.

ಆಮೇಲೆ ಡಾಕ್ಟರನ್ನು ಎಬ್ಬಿಸಲು ಹೋದೆ.