ನೀರಿಗೆ ಮುಟ್ಟದ ಸುದ್ದಿ

ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಔಲು ಊರಿನ ನದಿ ಸೇತುವೆಯಡಿ ಹಲ್ಲು ಕಚ್ಚಿ ಮಲಗಿದೆ.
ಮೂರನೇ ಮಹಡಿಯ ಈ ಕೋಣೆಯಲ್ಲಿ
ಗಾಜಿನ ಪೆಟ್ಟಿಗೆಯೊಂದಕ್ಕೆ ಜ್ವರ: ತೊಂಬತ್ತೇಳು.

"ಅತ್ತೆ, ಊರಿನ ಬಿಸಿನೀರಿನ ಪೈಪೆಲ್ಲ ನೋಡುವವಳು ನೀನು,
ಇದನ್ನೂ ಒಮ್ಮೆ ನೋಡು" ಅಂತ ಎಲ್ಮೆರಿ ಕರೆದಿದ್ದ.
ನನ್ನ ಕೆಲಸ ಬಿಸಿ ತಲುಪಿಸುವುದು ಮಾರಾಯ,
ತಣಿಸುವುದಲ್ಲ, ಅಂದಿದ್ದೆ.
ಆದರೂ ಬಂದೆ. ಪೈಪು ಅಂದರೆ ಪೈಪೇ.

ಆಟ ಶುರುವಾಗಿ ಎರಡು ನಿಮಿಷ ಆಗಿಲ್ಲ,
ಪರದೆಯ ಕುದುರೆ ಮುಂಗಾಲೆತ್ತಿದ್ದು ಎತ್ತಿದ ಹಾಗೇ.
ಇಳಿಸಲು ಅದಕ್ಕೆ ನೆನಪಾಗುತ್ತಿಲ್ಲ.

ಮೊದಲು ಗಾಳಿಯ ಮೇಲೆ ಅನುಮಾನ.
ಹಳೇ ಮನೆಗಳ ರೇಡಿಯೇಟರಿಗೆ ಕಿವಿಯಿಟ್ಟ ಹಾಗೆ
ಪೆಟ್ಟಿಗೆಯನ್ನು ಓರೆ ಮಾಡಿ ಕಿವಿಯಿಟ್ಟೆ.
ಗುಳುಕ್. ಇನ್ನೊಂದು ಗುಳುಕ್.
ಎರಡು ಗುಳ್ಳೆ ಹೊರಬಿದ್ದವು. ತೊಂಬತ್ತಾರು.
ಫ್ಯಾನಿನ ಹಿಂದೆ ಧೂಳು, ಸತ್ತ ಬೆಕ್ಕಿನ ಎರಡು ಕೂದಲು
(ಅದನ್ನು ಅವನು ಬಿಸಾಡಲಿಲ್ಲ, ನಾನೂ ಕೇಳಲಿಲ್ಲ).
ಪಂಪಿಗೆ ಬೆರಳಿಟ್ಟೆ, ನಾಡಿ ಇತ್ತು.
ಪೇಸ್ಟು ಒರೆಸಿ ಬಟಾಣಿಯಷ್ಟು ಹೊಸದು ಹಚ್ಚಿದೆ.
ಮತ್ತೆ ತೊಂಬತ್ತೇಳು.

ಆಗ ಕೇಳಿದೆ, ನೀರು ಎಷ್ಟಿದೆ?
"ನೀರಾ? ಇಪ್ಪತ್ತೊಂಬತ್ತು."

ಅಲ್ಲಿಗೆ ಗೊತ್ತಾಯಿತು.
ಬೆಂಕಿಯ ಪಕ್ಕದಲ್ಲೇ ದಿನವಿಡೀ ಹಾದುಹೋಗುವ ನೀರಿಗೆ
ಬೆಂಕಿ ಬಿದ್ದ ಸುದ್ದಿಯೇ ಮುಟ್ಟಿಲ್ಲ.
ಇದು ನಾನು ಬಲ್ಲ ಕಾಯಿಲೆ.
ನೆಲಮಾಳಿಗೆಯಲ್ಲಿ ಕೊತಕೊತ ಕುದಿ,
ನಾಲ್ಕನೇ ಮಹಡಿಯ ಮುದುಕಿ ಕೋಟು ತೊಟ್ಟು ಕೂತಿರುತ್ತಾಳೆ.
ನಡುವೆ ಎಲ್ಲೋ ಏನೋ.

ಬ್ಲಾಕು ಬಿಚ್ಚಬೇಕು ಅಂದೆ.
"ಅಂದರೆ ನೀರು ತೆಗೆಯಬೇಕಾ?"
ಹೌದು ಮತ್ತೆ, ಅಂದೆ.
ಹುಡುಗ ಸ್ಕ್ರೂಡ್ರೈವರನ್ನು ಕೈಯಿಂದ ಕೈಗೆ ದಾಟಿಸುತ್ತ ನಿಂತ.

ಅಂಟೆರೋ, ನನ್ನ ತಮ್ಮ, ತುಂಬಿಸಿದ ನೀರು ಅದು.
ನಾಲ್ಕು ವರ್ಷದ ಹಿಂದೆ ಇದೇ ನೆಲದ ಮೇಲೆ
ಟ್ಯೂಬು ಕತ್ತರಿಸಿ, ಬಗ್ಗಿಸಿ, ನೀಲಿ ಬಣ್ಣ ಬೆರೆಸಿ.
ಹತ್ತು ವರ್ಷದ ಎಲ್ಮೆರಿ ಟಾರ್ಚು ಹಿಡಿದಿದ್ದ.
ಮರುವಾರ ಕೆಮಿಯಲ್ಲಿ ಹಡಗು ಹತ್ತಿದ,
ಮಂಜುಗಡ್ಡೆ ಒಡೆಯುವ ಹಡಗು, ಎಂಜಿನ್ನಿನ ಕೆಲಸ.
ಆಮೇಲೆ ಅಲ್ಲೇ ಒಂದು ಮನೆ.
ಭಾನುವಾರ ಫೋನು. ಹೇಗಿದ್ದೀ? ಚೆನ್ನಾಗಿದ್ದೀನಿ.
ಅಲ್ಲಿ ಎಷ್ಟು ಚಳಿ? ಇಲ್ಲಿ ಇಷ್ಟು.

ಲಿಂಗನ್‌ಬೆರಿ ಜಾಮಿನ ಬಾಟಲಿ ತಂದು ಹಿಡಿದ.
ಇಳಿದದ್ದು ನೀಲಿಯಲ್ಲ,
ನೀಲಿ ಅಂಗಿಯನ್ನು ಮೂರು ಸಲ ಹಿಂಡಿದ ಮೇಲಿನ ನೀರು.

ಎಂಟು ಸ್ಕ್ರೂ. ಒಳಗೆ ತಾಮ್ರದ ಗೀರುಗಳು,
ಉಗುರು ಹೋಗದಷ್ಟು ಸಣ್ಣ.
ಗೀರು ಗೀರಿನಲ್ಲೂ ಬೆಳ್ಳಗೆ, ಅಂಟಂಟಾಗಿ,
ಹಾಲಿನ ಪಾತ್ರೆಯ ತಳದಂಥದ್ದು.
"ಯಾರು ಹಾಕಿದ್ದು?"
ಯಾರೂ ಹಾಕಿದ್ದಲ್ಲ ಕಣೋ. ಟ್ಯೂಬೇ ಬಿಟ್ಟದ್ದು.
ನೀರು ಹೋಗಲಿ ಅಂತ ಮಾಡಿದ ದಾರಿಯೇ
ದಿನಕ್ಕಿಷ್ಟು ಇಷ್ಟು ಕರಗಿ
ಇಲ್ಲಿ ಬಂದು ಕೂತಿದೆ.

ಹಳೇ ಹಲ್ಲುಜ್ಜುವ ಬ್ರಷ್ಷು, ಪಾತ್ರೆ ತೊಳೆಯುವ ಸೋಪು.
ಅವನೇ ಉಜ್ಜಿದ. ಬಹಳ ಹೊತ್ತು ಉಜ್ಜಿದ.
ಬೆಳಕಿಗೆ ಹಿಡಿದು ನೋಡಿದ, ಮತ್ತೆ ಉಜ್ಜಿದ.
ಹೊಸ ಟ್ಯೂಬು, ಹೊಸ ನೀರು.
ಬಣ್ಣ ಬೇಕಾ ಅಂದರೆ ಬೇಡ ಅಂದ.

ಅರವತ್ತೆಂಟು!
ಕುದುರೆ ಕಾಲಿಳಿಸಿತು, ಹುಲ್ಲಿನ ಮೇಲೆ ಓಡಿತು.
ನಾನು ಕೈ ಒರೆಸಿಕೊಳ್ಳುವಾಗ ಹುಡುಗ ಕೂಗಿದ,
"ಅತ್ತೆ, ನೀರು ಏರ್ತಾ ಇದೆ! ಮೂವತ್ಮೂರು, ಮೂವತ್ನಾಲ್ಕು..."
ಏರಲಿ ಬಿಡು.
ಅದಕ್ಕೂ ಈಗ ಗೊತ್ತಾಯಿತು.

ಬಾಟಲಿಯ ನೀರನ್ನು ಸಿಂಕಿಗೆ ಸುರಿಯಬೇಡ, ವಿಷ,
ನಾನು ಒಯ್ಯುತ್ತೇನೆ ಅಂದೆ. ತಲೆಯಾಡಿಸಿದ.
ಮುಚ್ಚಳ ಬಿಗಿದು ಕಿಟಕಿಯಲ್ಲಿಟ್ಟ,
ಜಾಮಿನ ಚೀಟಿ ಗೋಡೆಯ ಕಡೆಗೆ ತಿರುಗಿಸಿ.
ನಾನು ಬೂಟಿನ ದಾರ ಕಟ್ಟುತ್ತಾ
ಅದನ್ನು ಮರೆತವಳ ಹಾಗೆ ಎದ್ದೆ.

ಬೆಳ್ಳಗೆ ಕಟ್ಟಿದ ತಾಮ್ರದ ಫೋಟೋ ಆಗಲೇ ಕೆಮಿಗೆ ಹೋಗಿತ್ತು.
ನಾನು ಎರಡನೇ ಮಹಡಿ ಇಳಿಯುವಾಗ ಮೇಲಿನಿಂದ ಅವನ ದನಿ,
"ಅಪ್ಪ ಕೇಳ್ತಿದಾನೆ, ನೀರು ಎಷ್ಟು ಅಂತ!"

ನನ್ನನ್ನೇನು ಕೇಳ್ತೀ, ಅಂದೆ ಮೆಟ್ಟಿಲಿನಿಂದಲೇ.
ನೋಡಿ ಹೇಳು.