ಕಚ್ಚಾ ಹೊಲಿಗೆ

ತಲೆಗೆ ಆರುನೂರೈವತ್ತು, ಮಧ್ಯಾಹ್ನದ ಗಂಜಿ ಚಟ್ನಿ ಸೇರಿ.
ಹೊಲಿಗೆ ಘಟಕದ ನಾವು ಹನ್ನೊಂದು ಮಂದಿ
ಮುಳ್ಳೇರಿಯದಲ್ಲಿ ಜೀಪು ಹತ್ತುವಾಗ
ಶಾಲೆಯ ಇನ್ನೂರು ನೀಲಿ ಅಂಗಿ
ಕಾಜಾ ಇಲ್ಲದೆ ಅಂಗಡಿಯಲ್ಲಿ ಬಿದ್ದಿದ್ದವು.
ಬೀಳಲಿ, ಎಂದಳು ನಫೀಸಾ. ಒಂದು ದಿನ.

ದಾರಿ ತೋರಿಸಲು ಚನಿಯ ನಾಯ್ಕರು.
ಅರವತ್ತು ದಾಟಿದ ಮೈ, ಹೊಳೆಯುವ ಹಳದಿ ಜಾಕೀಟು,
ಎದೆಯ ಮೇಲೆ ಮಲಯಾಳದಲ್ಲಿ ಗೈಡ್.
ನಲವತ್ತು ವರ್ಷ ಸುರಂಗ ತೋಡಿದವರು,
ಗುಡ್ಡದ ಹೊಟ್ಟೆಗೆ ಅಡ್ಡ ನುಗ್ಗಿ
ನೀರಿನ ಒಂದೆಳೆ ಹುಡುಕಿ ತರುವ ಕೆಲಸ.
ಬೋರ್‌ವೆಲ್ ಬಂತು. ಈಗ ಇವರಿಗೆ ನಾವು.

ಪಯಸ್ವಿನಿ ಮೊಣಕಾಲಿಗಿಂತ ಕೆಳಗಿಳಿದಿತ್ತು.
"ಇನ್ನೆರಡು ಮಳೆ, ಮತ್ತೆ ಹೊಳೆ ಬಾಗಿಲು ಹಾಕ್ತದೆ"
ಎನ್ನುತ್ತ ಮಾಟೆಯ ಬಾಯಲ್ಲಿ ನಿಂತು
ಮೂರು ಭಾಷೆಯಲ್ಲಿ ಹೇಳಿದರು:
ತಲೆ ತಗ್ಗಿಸಿ. ತರೆ ತಗ್ಗಾಲೆ. ತಲ ತಾಳ್ತ್.
ಮೂರೂ ಬಲ್ಲ ಸುಗಂಧಿಯ ಹಣೆಗೇ
ಕಲ್ಲು ಮೊದಲು ಸಿಕ್ಕಿತು. ನಕ್ಕೆವು. ನಮ್ಮ ನಗೆ
ಒಳಗೆ ಹೋಗಿ, ಯಾರದೋ ಆಗಿ ವಾಪಸು ಬಂತು.

ಹನ್ನೊಂದು ಹಣೆಗೆ ಹನ್ನೊಂದು ಬ್ಯಾಟರಿ ದೀಪ. ಆದರೂ
ನಾಯ್ಕರು ಲುಂಗಿಯ ಮಡಿಕೆಯಿಂದ
ಅರ್ಧ ಉರಿದ ಮೇಣದಬತ್ತಿ ತೆಗೆದು ಹಚ್ಚಿದರು.
ಇಷ್ಟು ಬೆಳಕಿರುವಾಗ ಅದು ಯಾಕೆ? ನಾನೇ ಕೇಳಿದ್ದು.
"ಇದು ಕಾಣಲಿಕ್ಕಲ್ಲ ಅಕ್ಕ, ಕೇಳಲಿಕ್ಕೆ.
ಮುಂದೆ ಗಾಳಿ ಉಂಟಾ ಅಂತ ಕೇಳ್ತದೆ.
ಉಂಟು ಅಂದ್ರೆ ಉರೀತದೆ."
ಇಲ್ಲ ಅಂದ್ರೆ, ಎಂದು ಯಾರೂ ಕೇಳಲಿಲ್ಲ.

ಹದಿನೆಂಟು ಕೋಲು ಒಳಗೆ (ಅವರ ಬಾಯಲ್ಲಿ ಮೀಟರು ಇಲ್ಲ)
ನೀರು ತೊಡೆ ಮುಟ್ಟಿತು. ಬಾವಲಿ ವಾಸನೆ.
ಗೋಡೆ ಆಡಿನ ಮೂಗಿನಂತೆ ಒದ್ದೆ, ತಣ್ಣಗೆ.
ದೀಪ ಆರಿಸಿ ಎಂದರು. ಆರಿಸಿದೆವು.
ಉಳಿದ ಒಂದು ಜ್ವಾಲೆ ಎಡಕ್ಕೆ ವಾಲಿತು,
ದಾರದ ತುದಿ ಸೂಜಿಕಣ್ಣು ಹುಡುಕುವ ಹಾಗೆ.
ಅವರು ಅದನ್ನೇ ನೋಡುತ್ತ ನಿಂತರು.
"ಪೆರ್ಲದ ಹತ್ತಿರ ಕುಂಞಣ್ಣನ ಬತ್ತಿ ನಂದಿತು.
ಇನ್ನೊಂದು ಬುಟ್ಟಿ ಮಣ್ಣು ತೆಗೆದು ಬರ್ತೇನೆ ಅಂದ."
ಅಷ್ಟೆ. ಮತ್ತೆ, "ಹೊರಗೆ ಹೋಗುವ, ಚಾ ತಣಿತದೆ."

ಸಂಜೆ ದಡದಲ್ಲಿ ಕೂತೆವು. ಏಳು. ಏಳೂಕಾಲು.
ಒಂದು ಬಂತು. ಮತ್ತೊಂದು.
ಮಿನ್ನಾಮಿನ್ನಿ, ಎಂದಳು ನಫೀಸಾ. ಮಿಣುಕುಹುಳ, ಎಂದೆ ನಾನು.
ಹುಳ ಎರಡು ಹೆಸರಿಗೂ ಒಂದೇ ಥರ ಆರಿತು.
"ಆರುನೂರೈವತ್ತಕ್ಕೆ ಇಷ್ಟೇನಾ?" ಭಾರ್ಗವಿ.
ನಾಯ್ಕರು ಎಲ್ಲರ ಮೊಬೈಲು ಬುಟ್ಟಿಗೆ ಹಾಕಿಸಿ
ತಮ್ಮ ಜಾಕೀಟನ್ನೂ ಮಗುಚಿ ತೊಟ್ಟರು,
ಹೊಳಪು ಒಳಗೆ, ಹೊಲಿಗೆ ಹೊರಗೆ.
ಆ ಮಸುಕಲ್ಲೂ ಕಂಡಿತು ನನಗೆ:
ಅಗ್ಗದ ಕೆಲಸ, ಹೆಗಲಲ್ಲಿ ದಾರ ಬಿಟ್ಟಿದೆ.

ಆಮೇಲೆ ಮರಗಳು ಶುರುಮಾಡಿದವು.

ನನಗೆ ಸೂಜಿ ಪೋಣಿಸಲು ಈಗ ಮಗಳು ಬೇಕು.
ಆದರೆ ಇದು ಗುರುತು ಸಿಕ್ಕಿತು: ಕಚ್ಚಾ ಹೊಲಿಗೆ.
ಒಮ್ಮೆ ಬಟ್ಟೆಯ ಮೇಲೆ, ಒಮ್ಮೆ ಕೆಳಗೆ.
ಕಾಣದಾಗ ದಾರ ತುಂಡಾದದ್ದಲ್ಲ,
ಕತ್ತಲ ಹಿಂಬದಿಯಲ್ಲಿ ನಡೆಯುತ್ತಿದೆ
ಈ ನೇರಳೆಯಿಂದ ಆ ಹೊನ್ನೆಗೆ, ಆಚೆ ದಡಕ್ಕೆ.
ಬಿಚ್ಚಲೆಂದೇ ಹಾಕುವ ಹೊಲಿಗೆ.
ಬೆಳಗಾದರೆ ಸೂಜಿಯ ತೂತೂ ಉಳಿಯದು.
ಭಾರ್ಗವಿ ನನ್ನ ಮಣಿಕಟ್ಟು ಹಿಡಿದಿದ್ದಳು, ನೋಯುವಷ್ಟು.
ನಾಯ್ಕರು ಮರ ನೋಡುತ್ತಿರಲಿಲ್ಲ.
ನಮ್ಮ ಉಸಿರು ಎಣಿಸುತ್ತಿದ್ದರೋ ಏನೋ.

ಜೀಪಿನ ಹತ್ತಿರ ತಲೆ ಎಣಿಸಿದರು. ಹನ್ನೊಂದು.
ಮತ್ತೊಮ್ಮೆ ಎಣಿಸಿದರು.
ಆಮೇಲೆ ನನ್ನ ಕಡೆ ತಿರುಗಿ, ತುಸು ನಾಚಿ:
"ಈ ಜಾಕೀಟಿಗೆ ಕಿಸೆಯೇ ಇಟ್ಟಿಲ್ಲ ಅಕ್ಕ.
ಒಂದು ಹೊಲಿದು ಕೊಡ್ತೀರಾ, ಒಳಗಡೆ?"
ಎಷ್ಟು ದೊಡ್ಡದು, ಎಂದೆ.
ಮಡಿಕೆಯಿಂದ ತುಂಡು ಬತ್ತಿ ತೆಗೆದು
ನನ್ನ ಅಂಗೈಯಲ್ಲಿಟ್ಟರು, ಅಳತೆಗೆ.
ಮೈಯ ಬಿಸಿಗೆ ಮೆತ್ತಗಾಗಿತ್ತು.